ಹಲ್ಲಿಗೆ ಯಾವ ಕ್ಯಾಪ್? ಲೋಹ, ಪಿಎಫ್‌ಎಂ, ಜಿರ್ಕೋನಿಯಾ, ಇ-ಮ್ಯಾಕ್ಸ್ ನಡುವೆ ಆರಿಸುವ ಬಗೆ

ರೂಟ್ ಕೆನಾಲ್ ಮುಗಿಯಿತು, ಇನ್ನು ಕ್ಯಾಪ್ ಹಾಕಬೇಕು. ಇಷ್ಟು ಹೇಳಿ ಡಾಕ್ಟರ್ ಒಂದು ಪಟ್ಟಿ ಮುಂದಿಡುತ್ತಾರೆ. ಅದರಲ್ಲಿ ನಾಲ್ಕೈದು ಹೆಸರು, ಒಂದೊಂದರ ಮುಂದೆ ದರ, ಪಕ್ಕದಲ್ಲಿ ಇಷ್ಟು ವರ್ಷ ವಾರಂಟಿ ಅಂತ ಬರೆದಿರುತ್ತದೆ. ಬಹಳ ಜನ ದರ ಮತ್ತು ವಾರಂಟಿ ಎರಡನ್ನೇ ನೋಡಿ ಬೆರಳು ತೋರಿಸಿಬಿಡುತ್ತಾರೆ. ಆದರೆ ವಾರಂಟಿ ಇರುವುದು ಕ್ಯಾಪಿಗೆ, ಅದರೊಳಗಿನ ಹಲ್ಲಿಗೆ ಅಲ್ಲ. ಕ್ಯಾಪ್ ಒಡೆದು ಹಲ್ಲು ಉಳಿದರೆ ಇನ್ನೊಂದು ಕ್ಯಾಪ್ ಮಾಡಿಸಬಹುದು. ಕ್ಯಾಪ್ ಗಟ್ಟಿಯಾಗೇ ಇದ್ದು ಒಳಗಿನ ಹಲ್ಲು ಹುಳುಕು ಹಿಡಿದರೆ, ಆ ಕ್ಯಾಪ್ ಇಟ್ಟುಕೊಂಡು ಏನು ಮಾಡುವುದು?

ಅದಕ್ಕೇ ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಇದು: ಈ ಕ್ಯಾಪಿಗಾಗಿ ನನ್ನ ಹಲ್ಲನ್ನು ಎಷ್ಟು ಸವೆಸಬೇಕು? ಯಾವ ಕ್ಯಾಪ್ ಆದರೂ ಕೂರಲು ಜಾಗ ಬೇಕು. ಆ ಜಾಗ ಸಿಗುವುದು ಹಲ್ಲನ್ನು ಸುತ್ತಲೂ, ಮೇಲೂ ಸವೆಸಿದಾಗಲೇ. ಪೂರ್ತಿ ಕ್ಯಾಪಿಗೆ ತಯಾರು ಮಾಡುವಾಗ ಹಲ್ಲಿನ ಕಾಣುವ ಭಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಬಹುದು. ಹೋದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಕ್ಯಾಪ್ ಬೇಕೇ ಬೇಕಾ?

ಕೆಲವು ಕಡೆ ಬೇಕೇ ಬೇಕು. ರೂಟ್ ಕೆನಾಲ್ ಆದ ದವಡೆ ಹಲ್ಲು ಅದರಲ್ಲಿ ಮೊದಲನೆಯದು. ಹುಳುಕು, ಹಳೆಯ ಫಿಲ್ಲಿಂಗ್, ಮೇಲಿಂದ ಕೊರೆದ ದಾರಿ ಎಲ್ಲ ಸೇರಿ ಹಲ್ಲು ಒಳಗಿನಿಂದ ಟೊಳ್ಳಾಗಿರುತ್ತದೆ. ಅಗಿಯುವ ಭಾರ ಬಿದ್ದಾಗ ಉಳಿದ ಗೋಡೆಗಳು ಹೊರಕ್ಕೆ ಬಾಗಲು ನೋಡುತ್ತವೆ. ಒಂದು ದಿನ ಗಟ್ಟಿಯಾದದ್ದೇನೋ ಕಚ್ಚಿದಾಗ ಹಲ್ಲು ಸೀಳುತ್ತದೆ. ಸೀಳು ಬೇರಿನ ತನಕ ಇಳಿದರೆ ಸಾಮಾನ್ಯವಾಗಿ ಕೀಳುವುದೊಂದೇ ದಾರಿ. ಕ್ಯಾಪ್ ಆ ಗೋಡೆಗಳನ್ನು ಸುತ್ತಲೂ ಹಿಡಿದಿಡುತ್ತದೆ. ಅದರ ಮುಖ್ಯ ಕೆಲಸವೇ ಇದು. ಚೆಂದ ಆಮೇಲಿನ ಮಾತು.

ಆದರೆ ಮುಂದಿನ ಹಲ್ಲಿನ ಕಥೆ ಬೇರೆ. ಹಿಂಬದಿಯ ಸಣ್ಣ ತೂತಿನಿಂದ ರೂಟ್ ಕೆನಾಲ್ ಆಗಿದ್ದು, ಉಳಿದ ಹಲ್ಲು ಗಟ್ಟಿಯಾಗಿದ್ದರೆ ಒಳ್ಳೆಯ ಫಿಲ್ಲಿಂಗ್ ಸಾಕಾಗಬಹುದು. ಹಲ್ಲಿನ ಬಣ್ಣ ಕಪ್ಪಾಗಿದೆ ಅನ್ನುವುದೊಂದೇ ಚಿಂತೆಯಾದರೆ, ಒಳಗಿನಿಂದಲೇ ಬ್ಲೀಚ್ ಮಾಡುವ ವಿಧಾನ ಇದೆ. ಸುಮ್ನೆ ಬಣ್ಣಕ್ಕಾಗಿ ಸುತ್ತಲೂ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಸವೆಸುವ ಮೊದಲು ಅದನ್ನು ಕೇಳಿ ನೋಡಿ. ದವಡೆ ಹಲ್ಲಿನಲ್ಲೂ ಪಕ್ಕದ ಗೋಡೆಗಳು ಚೆನ್ನಾಗಿದ್ದರೆ ಆನ್‌ಲೇ ಅನ್ನುವುದೊಂದಿದೆ. ಅದು ಅಗಿಯುವ ಮೇಲ್ಭಾಗವನ್ನಷ್ಟೇ ಮುಚ್ಚಿ, ಪಕ್ಕದ ಎನಾಮೆಲ್ಲನ್ನು ಹಾಗೇ ಬಿಡುತ್ತದೆ. ಅದನ್ನು ಅಂಟಿಸುವುದಕ್ಕೆ ಕೈಚಳಕ ಬೇಕು, ಸಮಯವೂ ಬೇಕು. ಎಲ್ಲ ಕ್ಲಿನಿಕ್ಕಿನಲ್ಲೂ ಡಾಕ್ಟರೇ ಮುಂದಾಗಿ ಹೇಳದಿರಬಹುದು. ನೀವೇ ಬಾಯಿಬಿಟ್ಟು ಕೇಳಿ.

ಇದರ ಇನ್ನೊಂದು ತುದಿಯೂ ಇದೆ. ವಸಡಿನ ಮೇಲೆ ಸುತ್ತಲೂ 1.5ರಿಂದ 2 ಮಿ.ಮೀ. ಎತ್ತರದ ಗಟ್ಟಿ ಹಲ್ಲಾದರೂ ಉಳಿದಿರಬೇಕು. ಕ್ಯಾಪಿನ ಅಂಚು ಅಪ್ಪಿ ಹಿಡಿಯುವುದು ಅದನ್ನೇ. ಅಷ್ಟೂ ಇಲ್ಲದಿದ್ದರೆ ಬೇರಿನೊಳಗೆ ಪೋಸ್ಟ್ ಅನ್ನುವ ಸಣ್ಣ ಕಡ್ಡಿ ಕೂರಿಸಿ ಮೇಲೆ ಕಟ್ಟಬಹುದು, ಆದರೆ ಪೋಸ್ಟ್ ಹಲ್ಲಿಗೆ ಬಲ ಕೊಡುವುದಿಲ್ಲ. ಮೇಲಿನ ಕಟ್ಟಡವನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಅಂಥ ಹಲ್ಲಿನ ಮೇಲೆ ಅತಿ ದುಬಾರಿ ಕ್ಯಾಪ್ ಹಾಕಿದರೂ ಸೋಲುವುದು ಕ್ಯಾಪ್ ಅಲ್ಲ, ಹಲ್ಲು. ಈ ಮಾತನ್ನು ಕ್ಯಾಪಿನ ಆಯ್ಕೆಗೆ ಮೊದಲೇ ಆಡಿ ಮುಗಿಸಿ.

ಪೂರ್ತಿ ಲೋಹದ ಕ್ಯಾಪ್

ಇದನ್ನು ಕೇಳುವವರೇ ಕಡಿಮೆಯಾಗಿದ್ದಾರೆ. ಬಾಯಿ ತೆರೆದರೆ ಹೊಳೆಯುತ್ತದೆ ಅನ್ನುವುದೊಂದೇ ಅದರ ದೊಡ್ಡ ಕೊರತೆ. ಉಳಿದಂತೆ ಹಲ್ಲಿಗೆ ಇಷ್ಟು ಅನುಕೂಲವಾದ ಕ್ಯಾಪ್ ಸಿಗುವುದು ಕಷ್ಟ. ಲೋಹ ತೆಳುವಾಗಿದ್ದರೂ ಮುರಿಯುವುದಿಲ್ಲ. ಹಾಗಾಗಿ ಅಂಚಿನ ಕಡೆ ಅರ್ಧ ಮಿ.ಮೀ., ಮೇಲೆ 1ರಿಂದ 1.5 ಮಿ.ಮೀ. ಸವೆಸಿದರೆ ಸಾಕು. ಚಿಪ್ಪು ಏಳುವ ಭಯ ಇಲ್ಲವೇ ಇಲ್ಲ.

ಅದರಲ್ಲೂ ಚಿನ್ನದ ಮಿಶ್ರಲೋಹ ಎದುರು ಹಲ್ಲಿಗೆ ತುಂಬ ಮೃದು. ಅಂಚು ಹಲ್ಲಿಗೆ ಬಿಗಿಯಾಗಿ ಕೂರುತ್ತದೆ. ಬೆಲೆ ಮಾತ್ರ ಚಿನ್ನದ ಬೆಲೆಯೇ. ಕಡಿಮೆ ಬೆಲೆಯ ಲೋಹದ ಕ್ಯಾಪುಗಳು ಹೆಚ್ಚಾಗಿ ನಿಕಲ್-ಕ್ರೋಮಿಯಂ ಅಥವಾ ಕೋಬಾಲ್ಟ್-ಕ್ರೋಮಿಯಂ. ನಿಕಲ್ ಕೆಲವರ ಮೈಗೆ ಆಗಿಬರುವುದಿಲ್ಲ. ಅಗ್ಗದ ಕಿವಿಯೋಲೆ ಹಾಕಿದರೆ ತುರಿಕೆ, ಬೆಲ್ಟಿನ ಬಕಲ್ ತಾಗಿದ ಕಡೆ ಕೆಂಪಗಾಗುವುದು, ಇಂಥದ್ದೇನಾದರೂ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ನಿಕಲ್ ಇಲ್ಲದ ಲೋಹವೂ ಸಿಗುತ್ತದೆ. ಎಲ್ಲಕ್ಕೂ ಹಿಂದಿನ, ಯಾರಿಗೂ ಕಾಣದ ದವಡೆ ಹಲ್ಲಿಗೆ, ಅದೂ ಎತ್ತರ ಕಡಿಮೆ ಇರುವ ಹಲ್ಲಿಗೆ, ನಾನಂತೂ ಲೋಹವನ್ನು ಪಟ್ಟಿಯಿಂದ ತೆಗೆದುಹಾಕುವುದಿಲ್ಲ.

ಪಿಎಫ್‌ಎಂ: ಒಳಗೆ ಲೋಹ, ಮೇಲೆ ಪಿಂಗಾಣಿ

ದಶಕಗಳ ಕಾಲ ಕ್ಯಾಪ್ ಅಂದರೆ ಇದೇ ಆಗಿತ್ತು. ಇದನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಮೂರು ಪದರ ಕಾಣುತ್ತವೆ. ಒಳಗೆ ಅರ್ಧ ಮಿ.ಮೀ.ಗಿಂತಲೂ ತೆಳುವಾಗಿರಬಹುದಾದ ಲೋಹದ ಟೋಪಿ. ಅದರ ಬೂದು ಬಣ್ಣ ಮುಚ್ಚಲು ಒಂದು ತೆಳು ಬಿಳಿ ಪದರ. ಅದರ ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ. ಇಷ್ಟೆಲ್ಲ ಹಿಡಿಸಬೇಕಾದ್ದರಿಂದ ಪಿಂಗಾಣಿ ಬರುವ ಕಡೆ ಸುಮಾರು 1.5 ಮಿ.ಮೀ., ಅಗಿಯುವ ಕಡೆ 2 ಮಿ.ಮೀ.ವರೆಗೆ ಹಲ್ಲು ಹೋಗುತ್ತದೆ. ಅಷ್ಟು ಸವೆಸದಿದ್ದರೆ ಕ್ಯಾಪ್ ದಪ್ಪಗೆ ಉಬ್ಬಿದಂತೆ ಕಾಣುತ್ತದೆ, ಇಲ್ಲವೇ ಒಳಗಿನ ಬಿಳಿ ಪದರ ಇಣುಕುತ್ತದೆ.

ಇದರ ಎರಡು ತೊಂದರೆ ಎಲ್ಲರಿಗೂ ಗೊತ್ತು. ಮೇಲಿನ ಪಿಂಗಾಣಿ ಚಿಪ್ಪೆದ್ದು ಲೋಹ ಕಾಣುವುದು ಒಂದು. ವಸಡು ಸ್ವಲ್ಪ ಹಿಂದೆ ಸರಿದಾಗ ಬುಡದಲ್ಲಿ ಕಪ್ಪು ಗೆರೆ ಕಾಣುವುದು ಇನ್ನೊಂದು. ಮೂರನೆಯದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಆ ಕಪ್ಪು ಗೆರೆ ಮುಚ್ಚಲು ಮುಂದಿನ ಹಲ್ಲುಗಳಲ್ಲಿ ಅಂಚನ್ನು ವಸಡಿನೊಳಗೆ ತಳ್ಳುತ್ತಾರೆ. ಅಂಚು ಒಳಗೆ ಹೋದಷ್ಟೂ ಬ್ರಷ್‌ಗೆ ಸಿಗುವುದಿಲ್ಲ, ವಸಡು ಕೆಂಪಗಾಗಿ ಊದಿಕೊಳ್ಳುವುದು ಸುಲಭ. ಬಣ್ಣ ಮುಚ್ಚಲು ಹೋಗಿ ವಸಡಿಗೆ ಕಾಟ ಕೊಟ್ಟಂತಾಗುತ್ತದೆ.

ಹಾಗಂತ ಪಿಎಫ್‌ಎಂ ಕೆಟ್ಟದ್ದೇನಲ್ಲ. ಚೆನ್ನಾಗಿ ಮಾಡಿದ್ದು ಬಹಳ ವರ್ಷ ಬಾಳುತ್ತದೆ. ಲ್ಯಾಬಿನವರಿಗೆ ಇದರ ಅಂದಾಜು ಚೆನ್ನಾಗಿ ಇದೆ. ಒಳಗಿನ ಹಲ್ಲು ತುಂಬ ಕಪ್ಪಾಗಿದ್ದರೂ ಲೋಹ ಅದನ್ನು ಪೂರ್ತಿ ಮುಚ್ಚುತ್ತದೆ. ಇಲ್ಲದ ಹಲ್ಲಿನ ಜಾಗ ತುಂಬಲು ಕ್ಯಾಪುಗಳನ್ನು ಜೋಡಿಸಿ ಮಾಡುವ ಉದ್ದದ ಬ್ರಿಡ್ಜ್‌ಗಳಲ್ಲಿ ಈಗಲೂ ಇದನ್ನು ನೆಚ್ಚುವವರಿದ್ದಾರೆ. ಆದರೆ ಒಂಟಿ ಕ್ಯಾಪಿಗೆ, ಅದರಲ್ಲೂ ಮುಂದಿನ ಹಲ್ಲಿಗೆ, ಈಗ ಇದಕ್ಕಿಂತ ಒಳ್ಳೆಯ ದಾರಿಗಳಿವೆ.

ಜಿರ್ಕೋನಿಯಾ: ಹೆಸರು ಒಂದೇ, ಒಳಗೆ ಹಲವು

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕಂದರೆ ಈಗ ಅತಿ ಹೆಚ್ಚು ಮಾತು ಇದರದ್ದೇ.

ಜಿರ್ಕೋನಿಯಾ ಅಂದರೆ ಜಿರ್ಕೋನಿಯಂ ಡೈಆಕ್ಸೈಡ್. ಲೋಹವಲ್ಲ, ಸೆರಾಮಿಕ್. ಲ್ಯಾಬಿಗೆ ಬರುವಾಗ ಅದು ದುಂಡನೆಯ ಬಿಳಿ ಬಿಲ್ಲೆ, ಸೀಮೆಸುಣ್ಣದಷ್ಟು ಮೆತ್ತಗಿರುತ್ತದೆ. ನಿಮ್ಮ ಹಲ್ಲಿನ ಸ್ಕ್ಯಾನ್ ನೋಡಿಕೊಂಡು ಮಷಿನ್ ಅದರಿಂದ ಕ್ಯಾಪನ್ನು ಕೆತ್ತುತ್ತದೆ. ಆಗ ಅದು ಬೇಕಾದ್ದಕ್ಕಿಂತ ಸುಮಾರು ಐದನೇ ಒಂದು ಭಾಗದಷ್ಟು ದೊಡ್ಡದಾಗಿರುತ್ತದೆ. ಆಮೇಲೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಬೆಂದು, ಕುಗ್ಗಿ, ಸರಿಯಾದ ಅಳತೆಗೆ ಬರುತ್ತದೆ. ಕೆತ್ತುವಾಗ ಪುಡಿ ಉದುರುತ್ತಿದ್ದ ವಸ್ತು ಹೊರಗೆ ಬರುವಷ್ಟರಲ್ಲಿ ವಜ್ರದ ಬರ್ (ಕೊರೆಯುವ ಮೊನೆ) ಇಲ್ಲದೆ ಕತ್ತರಿಸಲಾಗದಷ್ಟು ಗಟ್ಟಿಯಾಗಿರುತ್ತದೆ.

ಅದರ ಗಟ್ಟಿತನದ ಹಿಂದೆ ಒಂದು ಸೊಗಸಾದ ಗುಣ ಇದೆ. ಎಲ್ಲೋ ಕೂದಲೆಳೆಯಷ್ಟು ಬಿರುಕು ಶುರುವಾದರೆ, ಅದರ ತುದಿಯಲ್ಲಿರುವ ಹರಳುಗಳು ಒತ್ತಡಕ್ಕೆ ತಮ್ಮ ಆಕಾರ ಬದಲಿಸಿ ಸುಮಾರು ಶೇ. 4ರಷ್ಟು ಉಬ್ಬುತ್ತವೆ. ಉಬ್ಬಿ ಬಿರುಕನ್ನು ಅಲ್ಲೇ ಹಿಸುಕಿ ನಿಲ್ಲಿಸುತ್ತವೆ. ಹರಳುಗಳನ್ನು ಈ ಸಿದ್ಧ ಸ್ಥಿತಿಯಲ್ಲಿ ಇಡಲು ಯಿಟ್ರಿಯಾ ಅನ್ನುವ ಇನ್ನೊಂದು ಆಕ್ಸೈಡ್ ಬೆರೆಸುತ್ತಾರೆ. ಆಯ್ಕೆಯ ಗುಟ್ಟು ಇರುವುದು ಈ ಯಿಟ್ರಿಯಾದಲ್ಲೇ.

ಅದು ಸುಮಾರು 3 ಮೋಲ್ ಪರ್ಸೆಂಟ್ ಇದ್ದರೆ, ಅಂದರೆ ಲ್ಯಾಬಿನವರು ಹೇಳುವ 3ವೈ ಆದರೆ, ಬಾಗಿಸಿದಾಗ ತಡೆಯುವ ಶಕ್ತಿ 900ರಿಂದ 1,200 ಮೆಗಾಪಾಸ್ಕಲ್ (ವಸ್ತುವಿನ ಬಲ ಅಳೆಯುವ ಮಾನ). ತುಂಬಾ ಗಟ್ಟಿ, ಆದರೆ ಮಂಕು ಬಿಳಿ. ಬೆಳಕು ಒಳಗೆ ಹಾಯುವುದಿಲ್ಲ. ಯಿಟ್ರಿಯಾ 5ಕ್ಕೆ ಏರಿಸಿದರೆ ಬೆಳಕು ಚೆನ್ನಾಗಿ ಹಾಯುತ್ತದೆ, ನಿಜವಾದ ಹಲ್ಲಿನ ಹತ್ತಿರ ಬರುತ್ತದೆ. ಆದರೆ ಬಿರುಕು ಹಿಸುಕುವ ಹರಳುಗಳು ಕಡಿಮೆಯಾಗಿ ಶಕ್ತಿ 500-700ರ ಆಸುಪಾಸಿಗೆ ಇಳಿಯುತ್ತದೆ. 4ವೈ ಇವೆರಡರ ನಡುವೆ. ಹೀಗಿರುವಾಗ ಬರೀ 'ಜಿರ್ಕೋನಿಯಾ ಹಾಕ್ತೀವಿ, ಏನೂ ಆಗಲ್ಲ' ಅನ್ನುವ ಮಾತಿನಲ್ಲಿ ಅರ್ಧವೇ ಮಾಹಿತಿ ಇದೆ ಅಲ್ವಾ? ಮುಂದಿನ ಹಲ್ಲಿಗೆಂದು ಮಾಡಿದ ಪಾರದರ್ಶಕ ಬಗೆಯನ್ನು ದವಡೆ ಹಲ್ಲಿಗೆ ತೆಳುವಾಗಿ ಹಾಕಿದರೆ, ಹೆಸರು ಜಿರ್ಕೋನಿಯಾ ಆದರೂ 3ವೈ ಬಲ ಅದಕ್ಕಿರುವುದಿಲ್ಲ. ಯಾವ ಬಗೆ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನೊಂದು ಭೇದವೂ ಇದೆ. ಪೂರ್ತಿ ಒಂದೇ ಜಿರ್ಕೋನಿಯಾ ತುಂಡಿನಿಂದ ಮಾಡಿದ್ದನ್ನು ಮೋನೋಲಿಥಿಕ್ ಅನ್ನುತ್ತಾರೆ. ಒಳಗೆ ಜಿರ್ಕೋನಿಯಾ, ಮೇಲೆ ಪಿಂಗಾಣಿ ಹೊದಿಸಿದ್ದು ಲೇಯರ್ಡ್. ಲೇಯರ್ಡ್ ನೋಡಲು ಚೆಂದ, ಆದರೆ ಮೇಲಿನ ಪಿಂಗಾಣಿ ಚಿಪ್ಪೇಳುವ ಪಿಎಫ್‌ಎಂನ ಹಳೇ ರೋಗ ಇದಕ್ಕೂ ಇದೆ. ದವಡೆ ಹಲ್ಲಿಗೆ ಮೋನೋಲಿಥಿಕ್ ಸಾಕು. 3ವೈ ಆದರೆ 1 ಮಿ.ಮೀ. ಇಲ್ಲವೇ ಇನ್ನೂ ಕಡಿಮೆ ದಪ್ಪದಲ್ಲೂ ಕೆಲಸ ಆಗುವುದರಿಂದ ಹಲ್ಲೂ ಹೆಚ್ಚು ಉಳಿಯುತ್ತದೆ.

'ಜಿರ್ಕೋನಿಯಾ ಎದುರು ಹಲ್ಲನ್ನು ತಿಂದುಹಾಕುತ್ತದೆ' ಅನ್ನುವ ಭಯ ಬಹಳ ಜನರಿಗಿದೆ. ಇದು ಗಟ್ಟಿತನದ ಪ್ರಶ್ನೆಯಲ್ಲ, ನುಣುಪಿನ ಪ್ರಶ್ನೆ. ಚೆನ್ನಾಗಿ ಪಾಲಿಶ್ ಆದ ಜಿರ್ಕೋನಿಯಾ ಎದುರಿನ ಎನಾಮೆಲ್ಲನ್ನು ಪಿಂಗಾಣಿಗಿಂತ ಕಡಿಮೆ ಸವೆಸುತ್ತದೆ. ತೊಂದರೆ ಶುರುವಾಗುವುದು ಕೂರಿಸುವ ದಿನ. ಕ್ಯಾಪ್ ಎತ್ತರ ಅನ್ನಿಸಿದಾಗ ಡಾಕ್ಟರ್ ಬರ್ ಹಿಡಿದು ಸ್ವಲ್ಪ ತೆಗೆಯುತ್ತಾರೆ. ಆ ಜಾಗ ಒರಟಾಗುತ್ತದೆ. ಅದನ್ನು ಮತ್ತೆ ಪಾಲಿಶ್ ಮಾಡದೆ ಬಿಟ್ಟರೆ ಉಪ್ಪುಕಾಗದ ಇಟ್ಟಂತೆಯೇ. ಎತ್ತರ ತಗ್ಗಿಸಿದ ಮೇಲೆ ಪಾಲಿಶ್ ಮಾಡಿದರೇ ಅಂತ ನೋಡಿಕೊಳ್ಳಿ.

ಮುಂದೆಂದಾದರೂ ಆ ಕ್ಯಾಪನ್ನು ಕತ್ತರಿಸಿ ತೆಗೆಯಬೇಕಾಗಿ ಬಂದರೆ ಜಿರ್ಕೋನಿಯಾ ಡಾಕ್ಟರಿಗೂ ನಿಮಗೂ ಹೊತ್ತು ಹಿಡಿಸುತ್ತದೆ, ಅದೂ ಗೊತ್ತಿರಲಿ.

ಲಿಥಿಯಂ ಡೈಸಿಲಿಕೇಟ್: ಜನರ ಬಾಯಲ್ಲಿ ಇ-ಮ್ಯಾಕ್ಸ್

ಇದು ಗಾಜಿನ ಜಾತಿಯ ಸೆರಾಮಿಕ್. ಇ-ಮ್ಯಾಕ್ಸ್ ಅನ್ನುವುದು ಐವೊಕ್ಲಾರ್ ಕಂಪನಿಯ ಬ್ರ್ಯಾಂಡ್ ಹೆಸರು, ಬೇರೆ ಕಂಪನಿಗಳೂ ಇದೇ ವಸ್ತು ಮಾಡುತ್ತವೆ. ಮಷಿನ್‌ನಲ್ಲಿ ಕೆತ್ತುವ ಬಗೆಯ ತುಂಡು ನೋಡಲು ನೇರಳೆ-ನೀಲಿ ಬಣ್ಣದ್ದು. ಸುಮಾರು 850 ಡಿಗ್ರಿಯಲ್ಲಿ ಸುಟ್ಟಾಗ ಒಳಗೆ ಹರಳು ಬೆಳೆದು ಹಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಕೆತ್ತಿದ ನೇರಳೆ ಕ್ಯಾಪನ್ನು ಬಾಯಲ್ಲಿಟ್ಟು ಅಳತೆ ನೋಡುವುದೂ ಉಂಟು. ಆ ಬಣ್ಣ ಕಂಡು ಗಾಬರಿಯಾಗಬೇಡಿ.

ಶಕ್ತಿ 360ರಿಂದ 500 ಮೆಗಾಪಾಸ್ಕಲ್ ಅಷ್ಟೇ. ಸಂಖ್ಯೆ ನೋಡಿದರೆ ಜಿರ್ಕೋನಿಯಾ ಮುಂದೆ ಸೋತಂತೆ ಕಾಣುತ್ತದೆ. ಆದರೆ ಇದಕ್ಕೊಂದು ದೊಡ್ಡ ಬಲ ಇದೆ, ಅದು ಅಂಟುವ ಗುಣ. ಹೈಡ್ರೋಫ್ಲೋರಿಕ್ ಆಸಿಡ್ ತಾಗಿಸಿದರೆ ಇದರ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಮೂಡುತ್ತವೆ. ಅದರ ಮೇಲೆ ಸೈಲೇನ್ ಅನ್ನುವ, ಅಂಟು ಹಿಡಿಯಲು ನೆರವಾಗುವ ದ್ರವ ಹಚ್ಚಿ ರೆಸಿನ್ ಸಿಮೆಂಟಿನಿಂದ ಅಂಟಿಸಿದರೆ ಕ್ಯಾಪ್ ಮತ್ತು ಹಲ್ಲು ಒಂದೇ ಆದಂತೆ ಭಾರ ಹಂಚಿಕೊಳ್ಳುತ್ತವೆ. ಜಿರ್ಕೋನಿಯಾಗೆ ಆ ಆಸಿಡ್ ಹೀಗೆ ಹಿಡಿಯುವುದಿಲ್ಲ. ಅದರ ಒಳಮೈಗೆ ಅಲ್ಯೂಮಿನಾ ಪುಡಿ ಊದಿ ಒರಟು ಮಾಡಿ, ಎಂಡಿಪಿ ಅನ್ನುವ, ಜಿರ್ಕೋನಿಯಾಗೆ ಅಂಟುವ ರಾಸಾಯನಿಕ ಇರುವ ಪ್ರೈಮರ್ ಹಚ್ಚಿ ಅಂಟಿಸಬೇಕು. ಹಾಗಾಗಿ ಹಲ್ಲಿನ ಹಿಡಿತ ಕಡಿಮೆ ಇರುವ ಕಡೆ, ಆನ್‌ಲೇ ಮಾಡುವ ಕಡೆ, ಎನಾಮೆಲ್ ಸುತ್ತಲೂ ಉಳಿದಿರುವ ಕಡೆ ನನ್ನ ಒಲವು ಲಿಥಿಯಂ ಡೈಸಿಲಿಕೇಟ್ ಕಡೆಗೇ. ಒಂದೇ ಷರತ್ತು: ಅಂಟಿಸುವಾಗ ಹಲ್ಲು ಪೂರ್ತಿ ಒಣಗಿರಬೇಕು. ಅಂಚು ವಸಡಿನ ಕೆಳಗಿದ್ದು ರಕ್ತವೋ ಎಂಜಲೋ ಒಸರುತ್ತಿದ್ದರೆ ಈ ಅಂಟು ನಿಲ್ಲುವುದಿಲ್ಲ.

ಮುಂದಿನ ಹಲ್ಲಿನಲ್ಲಿ ಇದರ ಅಂದಕ್ಕೆ ಸಾಟಿ ಕಡಿಮೆ. ಬೆಳಕು ಒಳಗೆ ಹೋಗಿ ಚದುರಿ ಬರುತ್ತದೆ, ಪಕ್ಕದ ಹಲ್ಲಿನ ಜೊತೆ ಬೆರೆತುಹೋಗುತ್ತದೆ. ಅದೇ ಗುಣ ತೊಂದರೆಯೂ ಆಗುತ್ತದೆ. ಒಳಗಿನ ಹಲ್ಲು ಕಪ್ಪಾಗಿದ್ದರೆ, ಇಲ್ಲವೇ ಲೋಹದ ಪೋಸ್ಟ್ ಇದ್ದರೆ, ಆ ನೆರಳು ಹೊರಗೆ ಬೂದಾಗಿ ಕಾಣುತ್ತದೆ. ಅಂಥ ಕಡೆ ಬೆಳಕು ಕಡಿಮೆ ಹಾಯುವ ಬಗೆಯ ತುಂಡು ತರಿಸಬೇಕು, ಅಥವಾ ಜಿರ್ಕೋನಿಯಾಗೆ ಹೋಗಬೇಕು. ಸವೆಸುವ ಲೆಕ್ಕ: ಅಗಿಯುವ ಕಡೆ ಸುಮಾರು 1.5 ಮಿ.ಮೀ., ಪಕ್ಕದಲ್ಲಿ 1 ಮಿ.ಮೀ. ಆಸುಪಾಸು.

ಉಳಿದವು

ರೆಸಿನ್ ಕ್ಯಾಪ್, ಪ್ರಿಂಟರ್‌ನಲ್ಲಿ ಮಾಡಿದ ಕ್ಯಾಪ್ ಎಲ್ಲ ಬಂದಿವೆ. ತಾತ್ಕಾಲಿಕವಾಗಿ ಬಹಳ ಒಳ್ಳೆಯವು. ಕಾಯಂ ಅಂತ ಹಾಕಿಸಿಕೊಳ್ಳುವಷ್ಟು ದೀರ್ಘ ಅನುಭವ ಇವುಗಳ ಹಿಂದೆ ಇನ್ನೂ ಇಲ್ಲ. ಬೇಗ ಸವೆಯುತ್ತವೆ, ಬಣ್ಣವೂ ಹಿಡಿಯುತ್ತದೆ.

ಮಕ್ಕಳ ಹಾಲು ಹಲ್ಲಿನ ದವಡೆಗೆ ಮಾತ್ರ ಸ್ಟೀಲ್ ಕ್ಯಾಪ್ ನೋಡಿ ಮುಖ ಸಿಂಡರಿಸಬೇಡಿ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಹೆಸರಿನ ಹಾಲ್ ಟೆಕ್ನಿಕ್‌ನಲ್ಲಿ ಇಂಜೆಕ್ಷನ್ ಇಲ್ಲ, ಕೊರೆಯುವುದೂ ಇಲ್ಲ. ಸರಿಯಾದ ಅಳತೆಯ ಸ್ಟೀಲ್ ಕ್ಯಾಪನ್ನು ಸಿಮೆಂಟ್ ಹಾಕಿ ಹಲ್ಲಿನ ಮೇಲೆ ಒತ್ತಿ ಕೂರಿಸುತ್ತಾರೆ. ಹುಳುಕು ಒಳಗೇ ಮುಚ್ಚಿಹೋಗಿ ಆಹಾರ ಸಿಗದೆ ನಿಲ್ಲುತ್ತದೆ. ಮೊದಲ ಕೆಲವು ವಾರ ಕಚ್ಚುವಾಗ ಎತ್ತರ ಅನ್ನಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಎಲ್ಲ ಹಲ್ಲಿಗೂ ಇದು ಆಗುವುದಿಲ್ಲ. ನರಕ್ಕೆ ಸೋಂಕು ಇಳಿದಿದ್ದರೆ ಬೇರೆ ಚಿಕಿತ್ಸೆ ಬೇಕು. ಬಿಳಿಯದೇ ಬೇಕು ಅಂದರೆ ಮಕ್ಕಳಿಗೂ ಜಿರ್ಕೋನಿಯಾ ಇದೆ, ಆದರೆ ಅದಕ್ಕೆ ಹಲ್ಲನ್ನು ಜಾಸ್ತಿ ಸವೆಸಬೇಕು. ಕೆಲವೇ ವರ್ಷಕ್ಕೆ ಬಿದ್ದುಹೋಗುವ ದವಡೆ ಹಲ್ಲಿಗೆ ಮಗುವನ್ನು ಅಷ್ಟು ಹೊತ್ತು ಕುರ್ಚಿಯಲ್ಲಿ ಮಲಗಿಸಬೇಕಾ, ಯೋಚಿಸಿ.

ಹಾಗಾದರೆ ಯಾರಿಗೆ ಯಾವುದು?

ಹಿಂದಿನ ದವಡೆ ಹಲ್ಲು, ರೂಟ್ ಕೆನಾಲ್ ಆಗಿದೆ: ಮೋನೋಲಿಥಿಕ್ ಜಿರ್ಕೋನಿಯಾ, 3ವೈ ಅಥವಾ 4ವೈ. ಕಾಣದ ಜಾಗವಾದರೆ ಲೋಹವೂ ಅಷ್ಟೇ ಒಳ್ಳೆಯದು.

ನಗುವಾಗ ಕಾಣುವ ಮುಂದಿನ ಹಲ್ಲು, ಒಳಗಿನ ಬಣ್ಣ ಸರಿಯಿದೆ: ಲಿಥಿಯಂ ಡೈಸಿಲಿಕೇಟ್. ಒಳಗೆ ಕಪ್ಪಾಗಿದ್ದರೆ ಹೊರಭಾಗಕ್ಕಷ್ಟೇ ಪಿಂಗಾಣಿ ಹೊದಿಸಿದ ಜಿರ್ಕೋನಿಯಾ. ಕಚ್ಚುವ ತುದಿಗೆ, ಹಿಂಬದಿಗೆ ಪಿಂಗಾಣಿ ಬರದಂತೆ ಮಾಡಿಸಿದರೆ ಚಿಪ್ಪೇಳುವುದು ಕಡಿಮೆ. ಕೋರೆ ಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲುಗಳಿಗೆ ಲಿಥಿಯಂ ಡೈಸಿಲಿಕೇಟ್, ಜಿರ್ಕೋನಿಯಾ ಎರಡೂ ನಡೆಯುತ್ತವೆ.

ರಾತ್ರಿ ಹಲ್ಲು ಕಡಿಯುವವರಿಗೆ ಪಿಂಗಾಣಿ ಹೊದಿಕೆ ಇರುವ ಯಾವುದೂ ಬೇಡ. ಲೋಹ ಅಥವಾ ಮೋನೋಲಿಥಿಕ್ ಜಿರ್ಕೋನಿಯಾ ಹಾಕಿಸಿ, ಜೊತೆಗೆ ಮಲಗುವಾಗ ಹಲ್ಲಿನ ಮೇಲೆ ಕೂರುವ ರಕ್ಷಾಕವಚ, ಅಂದರೆ ನೈಟ್ ಗಾರ್ಡ್, ಹಾಕಿಕೊಳ್ಳಿ. ಗಾರ್ಡ್ ಇಲ್ಲದಿದ್ದರೆ ಕ್ಯಾಪ್ ಉಳಿದರೂ ಒಳಗಿನ ಹಲ್ಲೋ ಎದುರಿನ ಹಲ್ಲೋ ಪೆಟ್ಟು ತಿನ್ನುತ್ತದೆ.

ಬಣ್ಣದ ವಿಷಯಕ್ಕೆ ಎರಡು ಮಾತು. ಕ್ಯಾಪ್ ಬ್ಲೀಚ್ ಆಗುವುದಿಲ್ಲ. ಉಳಿದ ಹಲ್ಲು ಬೆಳ್ಳಗಾಗಿಸುವ ಆಸೆ ಇದ್ದರೆ ಅದನ್ನು ಮೊದಲು ಮುಗಿಸಿ, ಬಣ್ಣ ನಿಲ್ಲಲು ಎರಡು ವಾರ ಬಿಟ್ಟು ಶೇಡ್ ನೋಡಿಸಿ. ಶೇಡ್ ನೋಡುವುದು ಹಗಲು ಬೆಳಕಿನಲ್ಲಿ, ಅದೂ ಕೆಲಸ ಶುರುವಾಗುವ ಮೊದಲೇ ಆಗಬೇಕು. ಬಾಯಿ ತೆರೆದುಕೊಂಡೇ ಇದ್ದರೆ ಹಲ್ಲು ಒಣಗಿ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಆಗ ಹೊಂದಿಸಿದ ಕ್ಯಾಪ್ ಮರುದಿನ ಬೇರೆಯಾಗೇ ಕಾಣುತ್ತದೆ.

ಕೂರಿಸುವ ದಿನ

ಒಳ್ಳೆಯ ವಸ್ತುವಿನ ಸಡಿಲ ಕ್ಯಾಪಿಗಿಂತ ಸಾಧಾರಣ ವಸ್ತುವಿನ ಬಿಗಿಯಾದ ಕ್ಯಾಪ್ ಮೇಲು. ಕ್ಯಾಪಿನ ಅಂಚು ಹಲ್ಲಿಗೆ ಸೇರುವ ಜಾಗದಲ್ಲಿ ಸಂದು ಇದ್ದರೆ ಸಿಮೆಂಟ್ ಕರಗಿ ಅಲ್ಲಿಂದಲೇ ಹುಳುಕು ಒಳಗೆ ಇಳಿಯುತ್ತದೆ. ರೂಟ್ ಕೆನಾಲ್ ಆದ ಹಲ್ಲಾದರೆ ನರ ಇರುವುದಿಲ್ಲ, ಒಳಗೆ ಹುಳುಕಾದರೂ ನೋವಿನಿಂದ ಗೊತ್ತಾಗುವುದಿಲ್ಲ.

ಅದಕ್ಕೇ ಕಾಯಂ ಸಿಮೆಂಟ್ ಹಾಕುವ ಮೊದಲು ಕ್ಯಾಪನ್ನು ಬರೀ ಕೂರಿಸಿ ತೋರಿಸಲು ಹೇಳಿ. ಕನ್ನಡಿ ಹಿಡಿದು ಕಿಟಕಿಯ ಹತ್ತಿರ ನೋಡಿ. ಬಣ್ಣ, ಆಕಾರ ಒಪ್ಪದಿದ್ದರೆ ಹೇಳುವ ಸಮಯ ಅದೇ. ಅಂಚು ಸರಿಯಾಗಿ ಕೂತಿದೆಯೇ ಅಂತ ಡಾಕ್ಟರ್ ಮೊನೆಯ ಉಪಕರಣದಿಂದ ಸುತ್ತಲೂ ತಡವಿ ನೋಡುತ್ತಾರೆ. ಕಣ್ಣಿಗೆ ಕಾಣದ ಕಡೆಗೆ ಎಕ್ಸ್-ರೇ ಬೇಕಾಗಬಹುದು. ಪಕ್ಕದ ಹಲ್ಲಿನ ನಡುವೆ ಫ್ಲಾಸ್ ದಾರ ಸ್ವಲ್ಪ ಬಿಗಿಯಾಗಿ, ಟಕ್ ಅಂತ ಇಳಿಯಬೇಕು. ತಡೆಯಿಲ್ಲದೆ ಜಾರಿದರೆ ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುತ್ತದೆ.

ಮರಗಟ್ಟಿದ ಬಾಯಲ್ಲಿ ಎತ್ತರ ಸರಿಯಾಗಿ ತಿಳಿಯುವುದಿಲ್ಲ. ಮಾರನೇ ದಿನ ಕಚ್ಚುವಾಗ ಆ ಹಲ್ಲೇ ಮೊದಲು ತಾಗುತ್ತಿದೆ ಅನ್ನಿಸಿದರೆ, ಅಭ್ಯಾಸ ಆಗುತ್ತದೆ ಅಂತ ಕಾಯಬೇಡಿ. ಎತ್ತರ ತಗ್ಗಿಸುವುದು ಕೆಲವೇ ನಿಮಿಷದ ಕೆಲಸ. ಫ್ಲಾಸ್ ದಾರ ಅಂಚಿನಲ್ಲಿ ಸಿಕ್ಕಿ ಎಳೆ ಎಳೆಯಾದರೂ ಹೋಗಿ ತೋರಿಸಿ. ಅಲ್ಲಿ ಹೆಚ್ಚಾದ ಸಿಮೆಂಟ್ ಉಳಿದಿರಬಹುದು, ಇಲ್ಲವೇ ಅಂಚೇ ಎದ್ದಿರಬಹುದು.